ಇಪ್ಪತ್ತೆಂಟು ಗುಂಟೆ, ಹನ್ನೊಂದು ದಿಬ್ಬ

ಮೊನ್ನೆ ಹೊಳೆನರಸೀಪುರದ ಹತ್ತಿರ ರಸ್ತೆ ಕೆಲಸ ನಡೆಯುತ್ತಿತ್ತೆಂದು ಬಸ್ಸು ಹತ್ತು ನಿಮಿಷ ನಿಂತಿತು. ಪಕ್ಕದ ಹೊಲದಲ್ಲಿ ಯಾವುದೋ ಹೊಸ ಲೇಔಟಿಗೆ ಜಮೀನು ಬಗೆಯುತ್ತಿದ್ದರು. ಹಸಿ ಕೆಮ್ಮಣ್ಣು, ಸುಟ್ಟ ಡೀಸೆಲ್ಲು, ಬಿಸಿಯಾದ ಗ್ರೀಸು ಮೂರೂ ಬೆರೆತ ವಾಸನೆ ಕಿಟಕಿಯಿಂದ ಒಳಕ್ಕೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಗ್ಲಾಸ್ ಎಳೀರಿ ಮೇಡಂ, ತಲೆ ಸಿಡೀತದೆ" ಅಂದರು. ನಾನು ಎಳೆಯಲಿಲ್ಲ. ಕೇಳಿಸದವಳ ಹಾಗೆ ಆಚೆ ನೋಡುತ್ತಾ ಇನ್ನಷ್ಟು ಉಸಿರೆಳೆದುಕೊಂಡೆ. ಅದು ಒಳ್ಳೆಯ ನಡತೆ ಅಲ್ಲ, ಗೊತ್ತು. ಆದರೆ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಒಂದು ಬೇಸಿಗೆ ಇಡಿಯಾಗಿ ಎದ್ದು ಬರುತ್ತದೆ. ಸಂಕ್ರಾಂತಿಯಿಂದ ಭರಣಿ ಮಳೆಯವರೆಗಿನ ಒಂದೇ ಒಂದು ಬೇಸಿಗೆ.

ಆಗ ನನಗೆ ಮೂವತ್ತಾರು. ಹಾಸನದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಸರ್ವೆ ಲ್ಯಾಬು ನೋಡಿಕೊಳ್ಳುತ್ತಿದ್ದೆ. ಈಗಲೂ ಅದೇ ಕೆಲಸ. ಗಂಡನ ಮನೆ ಬಿಟ್ಟು ಬಂದು ಐದು ವರ್ಷವಾಗಿತ್ತು. ವಾರವೆಲ್ಲ ಹಾಸನದ ರೂಮು, ಶನಿವಾರ ಬಂದರೆ ನುಗ್ಗೇಹಳ್ಳಿ ಹತ್ತಿರದ ನಮ್ಮೂರು. ಊರಿನ ಮನೆಯಲ್ಲಿ ಅವ್ವ, ಅಣ್ಣ ರುದ್ರೇಶ, ಅತ್ತಿಗೆ. ಅಪ್ಪ ತೀರಿಕೊಂಡು ಎರಡು ವರ್ಷ. ಅಣ್ಣನಿಗೆ ಚನ್ನರಾಯಪಟ್ಟಣದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಜೊತೆಗೆ ತೆಂಗಿನ ತೋಟ, ಹೊಲದ ಉಸಾಬರಿಯೂ ಅವನದೇ.

ಆ ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಇನ್ನೂ ಬಾಯಲ್ಲಿರುವಾಗಲೇ ಅಣ್ಣ ಒಂದು ಪತ್ರ ತಂದು ಮುಂದಿಟ್ಟ.

"ಇದ್ರಲ್ಲಿ ನೀನೂ ಅವ್ವನೂ ಒಂದೊಂದ್ ಸೈನ್ ಹಾಕ್ಬುಡಿ. ಖಾತೆ ಎಲ್ಲಾ ಒಂದೇ ಕಡೀಕ್ ಆಯ್ತದೆ" ಅಂದ.

ಹಕ್ಕು ಬಿಡುಗಡೆ ಪತ್ರ. ನಮ್ಮ ಕಡೆ ಹೆಣ್ಣುಮಕ್ಕಳು ಇದಕ್ಕೆ ಸಹಿ ಹಾಕುವುದು, ಹಬ್ಬಕ್ಕೆ ಬಂದು ಅರಿಶಿನ ಕುಂಕುಮ ತೆಗೆದುಕೊಂಡು ಹೋಗುವಷ್ಟೇ ಸಲೀಸು. ಹಾಕಿದವಳಿಗೆ ಒಂದು ಒಳ್ಳೆಯ ಸೀರೆ, ತವರಿನಲ್ಲಿ ಒಳ್ಳೆಯ ಹೆಸರು. ಹಾಕದವಳಿಗೂ ಊರು ಹೆಸರಿಡುತ್ತದೆ, ಅದು ಬೇರೆ ಥರದ್ದು. ನಾನು ಪತ್ರವನ್ನು ಪೂರ್ತಿ ಓದಿದೆ. ಓದಿದ್ದೇ ಅಣ್ಣನಿಗೆ ಅವಮಾನವಾದ ಹಾಗಿತ್ತು.

"ಮನೆ ಹಿಂದಿನ ಹಿತ್ಲು ನಂಗ್ ಬೇಕು. ಇಪ್ಪತ್ತೆಂಟು ಗುಂಟೆ. ಮಿಕ್ಕಿದ್ದು ನೀನೇ ಇಟ್ಕೊ" ಅಂದೆ.

"ಅಲ್ಲಿ ಹುಳ್ಳಿಕಾಳೂ ಸರ್ಯಾಗಿ ಬರಕಿಲ್ಲ ಕಣೇ. ತಗೊಂಡು ಏನ್ ಮಾಡೀಯೆ?"

"ಬೈಕ್ ಓಡುಸ್ತೀನಿ."

ಅತ್ತಿಗೆ ನಕ್ಕಳು. ಅಣ್ಣನೂ ನಕ್ಕ. ಅವ್ವ ನಗಲಿಲ್ಲ, ಮಾತೂ ಆಡಲಿಲ್ಲ. ಎದ್ದು ಒಳಗೆ ಹೋದಳು.

ನಾನು ತಮಾಷೆಗೆ ಹೇಳಿರಲಿಲ್ಲ. ಮೂರು ವರ್ಷದಿಂದ ಭಾನುವಾರಗಳಲ್ಲಿ ಹಾಸನದ ಆಚೆಯ ಒಂದು ಒಣಕೆರೆಯ ಅಂಗಳದಲ್ಲಿ ಡರ್ಟ್ ಬೈಕ್, ಅಂದರೆ ಹಳ್ಳತಿಟ್ಟಿನ ಮಣ್ಣಿಗೆಂದೇ ಮಾಡಿದ ಬೈಕು, ಓಡಿಸುತ್ತಿದ್ದೆ. ಏಳೆಂಟು ಜನ ಗಂಡಸರು, ನಾನೊಬ್ಬಳೇ ಹೆಂಗಸು. ಸೆಕೆಂಡ್ ಹ್ಯಾಂಡ್ ಬೈಕು, ಎರಡು ಸಲ ಬಿಚ್ಚಿ ಕೂಡಿಸಿದ್ದು. ಒಂದು ಸಲ ಬಿದ್ದು ಭುಜದ ಮೂಳೆ ಮುರಿದು ಪ್ಲೇಟು ಹಾಕಿದ್ದರು. ಆಮೇಲೆ ಆ ಕೆರೆಗೆ ನೀರು ಬಂತು. ಕೆರೆಗೆ ನೀರು ಬಂದರೆ ಬೇಜಾರು ಮಾಡಿಕೊಳ್ಳಬಾರದು, ನಿಜ, ಆದರೆ ನನ್ನ ಭಾನುವಾರ ಮುಳುಗಿತು. ಗಂಡ ಬಿಟ್ಟವಳು ಅನ್ನುವುದನ್ನು, ವಯಸ್ಸನ್ನು, ಮುರಿದ ಮೂಳೆಯನ್ನು ಎಲ್ಲರೂ ಸೇರಿ ನನಗೆ ದಿನಾ ನೆನಪಿಸುತ್ತಿದ್ದ ಕಾಲ ಅದು. ಬೈಕಿನ ಮೇಲೆ ಕೂತಾಗ ಮಾತ್ರ ಯಾರೂ ನೆನಪಿಸುತ್ತಿರಲಿಲ್ಲ.

ಹಿತ್ತಲಲ್ಲಿ ಮಣ್ಣಿನ ದಿಬ್ಬ ಹಾಕಿಸಿ ನನ್ನದೇ ಒಂದು ಬೈಕ್ ಟ್ರ್ಯಾಕು ಮಾಡುತ್ತೇನೆ ಎಂದು ಬಿಡಿಸಿ ಹೇಳಿದೆ. ಅಣ್ಣ ನಗು ನಿಲ್ಲಿಸಿ ಅಂಗಡಿಯವನ ದನಿಯಲ್ಲಿ ಶರತ್ತು ಹಾಕಿದ. "ಸರಿ ಬುಡು. ಮುಂಗಾರ್ ಮಳೆ ಬೀಳೋ ಹೊತ್ಗೆ ನೀನ್ ಹೇಳಿದ್ದು ಅಲ್ಲಿ ಎದ್ದು ನಿಂತಿರ್ಬೇಕು. ಮಳೆ ಬಿದ್ಮೇಲೂ ನಿಂತಿರ್ಬೇಕು. ಇಲ್ದಿದ್ರೆ ಬಾಯ್ ಮುಚ್ಕೊಂಡು ಸೈನ್ ಹಾಕ್ಬೇಕು. ನಾನು ತೆಂಗಿನ ಸಸಿ ಇಡ್ತೀನಿ."

"ಆಯ್ತು" ಅಂದೆ.

ಪಾಲು ನನ್ನ ಹಕ್ಕು, ಅದಕ್ಕೆ ಶರತ್ತು ಹಾಕಲು ಇವನ್ಯಾರು ಎಂದು ಆಮೇಲೆ ಸಹೋದ್ಯೋಗಿಗಳು ಕೇಳಿದರು. ಸರಿಯಾಗಿಯೇ ಕೇಳಿದರು. ಆದರೆ ಆವತ್ತು ನನಗೆ ಕೋರ್ಟಿನಲ್ಲಿ ಗೆಲ್ಲುವುದು ಬೇಕಿರಲಿಲ್ಲ. ಅಣ್ಣನ ಮುಖದ ಮೇಲಿನ ಆ ನಗುವನ್ನು ಇಳಿಸಬೇಕಿತ್ತು.

ಮಣ್ಣು ಎತ್ತುವ ಗಾಡಿ ಹುಡುಕುವುದಕ್ಕೆ ಫೆಬ್ರವರಿ ಪೂರ್ತಿ ಹೋಯಿತು. ನಾನು ಪಾಠದಲ್ಲಿ ಮಣ್ಣಿನ ಲೆಕ್ಕ ಹಾಕಿಸುವವಳೇ ಹೊರತು ಒಂದು ಬಕೆಟ್ಟು ಮಣ್ಣನ್ನೂ ಎತ್ತಿಸಿದವಳಲ್ಲ. ಮೊದಲು ಹಾಸನದ ಹೊರಗಿನ ಒಂದು ಲೇಔಟಿಗೆ ಹೋಗಿ ಹಿಟಾಚಿ ನೋಡಿದೆ. ಚೈನಿನ ಮೇಲೆ ಓಡುವ, ಉದ್ದ ತೋಳಿನ ದೊಡ್ಡ ಗಾಡಿ. ನೋಡುತ್ತಲೇ ಆಸೆಯಾಯಿತು. ಒಂದು ಬೆಳಗ್ಗೆ ಸಾಕು, ಹಿತ್ತಲು ಬೆಟ್ಟವೇ ಆಗಿಬಿಡುತ್ತದೆ ಅನ್ನಿಸಿತು. ಆಪರೇಟರು ಕೆಳಗಿಳಿದು ಕೇಳಿದ, "ಎಷ್ಟ್ ಎಕ್ರೆ ಮೇಡಂ?"

"ಇಪ್ಪತ್ತೆಂಟು ಗುಂಟೆ."

ಅವನು ಗಾಡಿಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದ. "ಇದು ಒಂದ್ ಸುತ್ತು ತಿರುಗೋ ಅಷ್ಟ್ರಲ್ಲಿ ನಿಮ್ ಹಿತ್ಲು ಮುಗ್ದೋಯ್ತದೆ. ಸುಮ್ನೆ ಯಾಕೆ?"

ಊರಿಗೆ ಬಂದು ಓಣಿ ಅಳೆದೆ. ನಮ್ಮ ಕೊಟ್ಟಿಗೆ ಗೋಡೆಗೂ ಪಕ್ಕದವರ ಕಾಂಪೌಂಡಿಗೂ ನಡುವೆ ಒಂಬತ್ತು ಅಡಿ. ಎರಡೂ ಚೈನು ಸೇರಿ ಹಿಟಾಚಿ ಅದಕ್ಕಿಂತ ಅಗಲ. ತಂದರೂ ಪಂಚಾಯಿತಿಯವರು ಹೊಸದಾಗಿ ಹಾಕಿಸಿದ್ದ ಸಿಮೆಂಟು ರಸ್ತೆಯನ್ನು ಚೈನು ಕಚ್ಚಿ ಕಿತ್ತು ಹಾಕುತ್ತಿತ್ತು. ಅಣ್ಣನ ಜೊತೆ ಜಗಳ ಸಾಕಿತ್ತು, ಊರಿನ ಜೊತೆ ಬೇಡವೆಂದು ಹಿಟಾಚಿ ಕೈಬಿಟ್ಟೆ.

ಆಮೇಲೆ ಅರಕಲಗೂಡಿಗೆ ಹೋದೆ. ರಾಮನಾಥಪುರದ ಕಡೆ ಹೊಗೆಸೊಪ್ಪಿನ ಹೊಲಗಳನ್ನು ಹಸನು ಮಾಡುವ ಟ್ರ್ಯಾಕ್ಟರ್ ಡೋಜರಿನವನೊಬ್ಬ ಸಿಕ್ಕ. ಟ್ರ್ಯಾಕ್ಟರಿನ ಮುಂದೆ ಕಬ್ಬಿಣದ ಅಗಲ ಹಲಗೆ ಕಟ್ಟಿರುತ್ತಾರಲ್ಲ, ಅದು. ಮನುಷ್ಯ ಪ್ರಾಮಾಣಿಕ. "ನಮ್ದು ಕೆರೆಯೋ ಗಾಡಿ ಮೇಡಂ, ಅಗೆಯೋದಲ್ಲ. ಸಡ್ಲ ಇರೋ ಮಣ್ಣು ಎಷ್ಟಾರ ತಳ್ತೀವಿ. ಗಟ್ಟಿ ನೆಲ ಬಗೀಬೇಕು ಅಂದ್ರೆ ಜೆಸಿಬೀನೇ ಬೇಕು" ಅಂದ.

ಜೆಸಿಬಿಗೆ ಹೊಳೆನರಸೀಪುರಕ್ಕೆ ಹೋದೆ. ಅಲ್ಲಿಯ ಮಾಲೀಕ ನಾನು ಬರೆದುಕೊಂಡು ಹೋಗಿದ್ದ ದಿಬ್ಬಗಳ ನಕ್ಷೆಯನ್ನು ತಲೆಕೆಳಗಾಗಿ ಹಿಡಿದುಕೊಂಡೇ, "ಮನೇಲಿ ಗಂಡಸ್ರು ಯಾರಾರ ಬಂದು ಮಾತಾಡ್ಲಿ ಮೇಡಂ" ಅಂದ. ನಾನು ಉತ್ತರ ಕೊಡದೆ ಗಾಡಿಯ ಹಿಂದಕ್ಕೆ ಹೋಗಿ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಪಿನ್ನು ಸವೆದು ಲಟಲಟ ಅನ್ನುತ್ತಿತ್ತು. ಹೈಡ್ರಾಲಿಕ್ ಪೈಪಿನ ಕೆಳಗೆ ಎಣ್ಣೆ ತೊಟ್ಟಿಕ್ಕಿ ನೆಲ ಕಪ್ಪಾಗಿತ್ತು.

"ಗಂಡಸ್ರು ಬಂದಿದ್ರೆ ಟೀ ಕುಡ್ದು ಒಪ್ಕೊಂಡು ಹೋಗ್ತಿದ್ರು. ಈ ಗಾಡಿ ಬೇಡ. ಅಲ್ಲಿ ನೆರಳಲ್ಲಿ ನಿಂತಿರೋದು ಕಳ್ಸಿ" ಅಂದೆ. ಅವನು ನಕ್ಷೆಯನ್ನು ನೆಟ್ಟಗೆ ಮಾಡಿಕೊಂಡ.

ಹೀಗೆ ತೀರ್ಮಾನವಾಯಿತು. ಬಗೆದು ಗುಡ್ಡೆ ಹಾಕುವುದಕ್ಕೆ ಜೆಸಿಬಿ. ಗುಡ್ಡೆಯನ್ನು ತೀಡಿ ದಿಬ್ಬ ಮಾಡುವುದಕ್ಕೆ ಡೋಜರು. ಡೋಜರಿಗೆ ಅರಕಲಗೂಡಿನವನನ್ನು ಕರೆಸಬೇಕಿರಲಿಲ್ಲ, ನಮ್ಮ ಹೋಬಳಿಯಲ್ಲೇ ಜವರಣ್ಣ ಇದ್ದರು. ಅರವತ್ತರ ಹತ್ತಿರದ ಮನುಷ್ಯ. ಮೊದಲು ಎತ್ತು ಕಟ್ಟಿ, ಆಮೇಲೆ ಟ್ರ್ಯಾಕ್ಟರು ಕೊಂಡು, ಜೀವಮಾನವೆಲ್ಲ ಹೊಲ ಮಟ್ಟ ಮಾಡಿದವರು. ಅವರು ಮಟ್ಟ ಮಾಡಿದ ಗದ್ದೆಗೆ ನೀರು ಬಿಟ್ಟರೆ ನಾಲ್ಕು ಮೂಲೆಗೂ ಒಟ್ಟಿಗೆ ಮುಟ್ಟುತ್ತದೆ ಎಂದು ಸುತ್ತಿನ ಹಳ್ಳಿಗಳಲ್ಲಿ ಮಾತು. ಅಂಥವರು ಒಪ್ಪಿಕೊಂಡಾಗ ನನಗೆ ಕೋಡು ಮೂಡಿದ ಹಾಗಾಯಿತು.

ಮಾರ್ಚಿನಲ್ಲಿ ಜೆಸಿಬಿ ಬಂತು. ಸುಣ್ಣದ ಪುಡಿಯಲ್ಲಿ ನಾನೇ ಗೆರೆ ಎಳೆದಿದ್ದೆ. ಹನ್ನೊಂದು ದಿಬ್ಬ, ಮೂರು ತಿರುವು, ಮನೆಯ ಕಡೆ ಒಂದು ನೇರ ಓಟ. ಎರಡು ದಿನ ಬಿಸಿಲಲ್ಲಿ ನಿಂತು, ಧೂಳು ಕುಡಿದು, ಒಂದೊಂದೇ ಗುಡ್ಡೆ ಏಳಿಸಿದೆ. ಊರವರು ಬೇಲಿಯ ಆಚೆ ನಿಂತು ನೋಡಿದರು. ಒಬ್ಬ ಅಜ್ಜ ಸಾಲಾಗಿದ್ದ ಗುಡ್ಡೆಗಳನ್ನು ಎಣಿಸಿ, "ಇಷ್ಟೊಂದ್ ಜನ ಯಾರ್ ಸತ್ರವ್ವಾ?" ಎಂದು ಕೇಳಿದ. ಇನ್ನೂ ಯಾರೂ ಇಲ್ಲ, ಹೀಗೇ ಕೇಳ್ತಾ ಇದ್ರೆ ನೋಡೋಣ ಅಂದೆ. ಆಮೇಲೆ ಅವನು ಕೇಳಲಿಲ್ಲ.

ಜವರಣ್ಣ ಬರಬೇಕಾದ ದಿನ ನನಗೆ ಹಾಸನದಲ್ಲಿ ಪರೀಕ್ಷೆ ಡ್ಯೂಟಿ ಬಿತ್ತು. ಬೆಳಗ್ಗೆ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ, "ಜವರಣ್ಣ, ಅಂಕುಡೊಂಕು ಇರೋದನ್ನೆಲ್ಲ ತೆಗ್ದು ಚೊಕ್ಕವಾಗಿ ಮಾಡ್ಬುಡಿ, ನೀವಿದ್ರೆ ನಾನ್ ಇರೋ ಅಗತ್ಯ ಇಲ್ಲ" ಎಂದು ಹೇಳಿ ಹೊರಟೆ. ನಲವತ್ತು ವರ್ಷ ನೆಲ ಮಟ್ಟ ಮಾಡಿದ ಕೈಗೆ ಇಂಥ ಮಾತು ಹೇಳಿ ಹೊರಟವಳು ನಾನು. ತಪ್ಪು ನನ್ನದೇ.

ಸಂಜೆ ಐದೂವರೆಗೆ ಬಂದು ಹಿತ್ತಲ ಬಾಗಿಲು ತೆಗೆದರೆ ಎದುರಿಗೆ ಕಣ. ಒಂದು ದಿಬ್ಬವಿಲ್ಲ, ಒಂದು ತಗ್ಗಿಲ್ಲ. ಇಪ್ಪತ್ತೆಂಟು ಗುಂಟೆಯೂ ಸಾರಿಸಿದ ಹಾಗೆ ಮಟ್ಟ. ಸುತ್ತ ಮೊಣಕಾಲೆತ್ತರದ ಚೆಂದದ ಬದು. ನಡುವೆ ಜವರಣ್ಣ ಒಂದು ಕೊಡ ನೀರು ಸುರಿದು, ಅದು ಎತ್ತಲೂ ಹರಿಯದೆ ನಿಂತಿರುವುದನ್ನು ನೋಡುತ್ತಾ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿಸಿದರು.

"ಆ ಜೆಸಿಬಿಯೋನು ತಲೆ ಕೆಟ್ಟೋನು ಕಣವ್ವ. ಮಣ್ಣೆಲ್ಲಾ ಗುಡ್ಡೆ ಗುಡ್ಡೆ ಹಾಕ್ಬುಟ್ಟು ಓಗವ್ನೆ. ಎಲ್ಲಾ ಸರಿ ಮಾಡಿವ್ನಿ. ನೋಡು, ನೀರು ಅಲ್ಲಾಡಕಿಲ್ಲ!"

ಸಿಟ್ಟಿಗೆ ಕೈಯಲ್ಲಿದ್ದ ಚೀಲವನ್ನು ಜಗಲಿಯ ಮೇಲೆ ಎಸೆದೆ. ಅಷ್ಟು ಹೊತ್ತಿಗೆ ಅಂಗಡಿಯಿಂದ ಬಂದ ಅಣ್ಣ ಬಾಗಿಲಲ್ಲಿ ನಿಂತು ನೋಡಿದ. ಇದು ಅವನದೇ ಕಿತಾಪತಿ ಇರಬೇಕು ಅಂದುಕೊಂಡೆ. ಅವನಿಗೂ ನನ್ನಷ್ಟೇ ಆಶ್ಚರ್ಯವಾಗಿತ್ತು, ಆದರೆ ನಗು ತಡೆಯಲಾಗಲಿಲ್ಲ. "ಭಾಳ ಚೆನ್ನಾಗ್ ಆಗೈತೆ ಜವರಣ್ಣ. ಇನ್ನೇನು, ಗುಂಡಿ ತೆಗ್ದು ಸಸಿ ಇಡೋದಷ್ಟೆ" ಅಂದ. ಅವ್ವ ಒಳಗಿನಿಂದ ಮಜ್ಜಿಗೆ ತಂದು ಜವರಣ್ಣನಿಗೆ ಕೊಟ್ಟಳು. ಯಾರ ಪರವಾಗಿಯೂ ಒಂದು ಮಾತಿಲ್ಲ. ಆ ಬೇಸಿಗೆಯಲ್ಲಿ ಅಣ್ಣನ ನಗುವಿಗಿಂತ ಅವ್ವನ ಮೌನವೇ ನನ್ನನ್ನು ಹೆಚ್ಚು ಉರಿಸಿತು.

ಜೆಸಿಬಿಯವನಿಗೆ ಫೋನು ಮಾಡಿದೆ. ಎಲ್ಲ ಗಾಡಿಗಳೂ ಕೆರೆ ಹೂಳು ಎತ್ತುವ ಕೆಲಸಕ್ಕೆ ಹೋಗಿದ್ದವು, ಮಳೆ ಬೀಳುವವರೆಗೆ ಒಂದೂ ಬಿಡುವಿಲ್ಲ. ಉಳಿದದ್ದು ಜವರಣ್ಣ ಮಾತ್ರ. ಮಾರನೆಯ ಬೆಳಗ್ಗೆ ಅವರ ಮನೆಗೆ ಹೋಗಿ ಆ ಗುಡ್ಡೆಗಳೇ ನನಗೆ ಬೇಕಾಗಿದ್ದವು ಎಂದು ಹೇಳಿದೆ. ಅವರ ಮುಖ ಸಣ್ಣದಾಯಿತು.

"ನನ್ ಕೈಲಾಗಕಿಲ್ಲ ತಾಯಿ. ಮಟ್ಟ ಮಾಡಿರೋ ನೆಲಾನ ಕೆಡ್ಸು ಅಂತೀಯಲ್ಲ. ಇಲ್ಲೀಗಂಟ ಆ ಕೆಲ್ಸ ಮಾಡಿಲ್ಲ ನಾನು. ದುಡ್ಡು ಕೊಡ್ಬ್ಯಾಡ, ಓಗು."

"ಕೆಡ್ಸೋದಾ ಮಾಡೋದಾ, ಬಂದು ನೋಡಿ ಆಮೇಲೆ ಹೇಳಿ" ಅಂದೆ. ಬರುವವರೆಗೂ ಅವರ ಜಗಲಿ ಬಿಟ್ಟು ಏಳಲಿಲ್ಲ.

ಅವರನ್ನು ಹಿತ್ತಲಲ್ಲಿ ನಿಲ್ಲಿಸಿ, ಹೆಲ್ಮೆಟ್ಟು ಹಾಕಿಕೊಂಡು, ಹಾಸನದಿಂದ ತಂದು ಕೊಟ್ಟಿಗೆಯಲ್ಲಿಟ್ಟಿದ್ದ ಬೈಕು ತೆಗೆದೆ. ಎಗರಿಸಲು ಇದ್ದದ್ದು ಅವರೇ ಕಟ್ಟಿದ್ದ ಬದು ಒಂದೇ. ದೂರದಿಂದ ಬಂದು ಬದುವಿನ ಮೇಲೆ ಹತ್ತಿಸಿದೆ. ಗಾಲಿಗಳು ನೆಲ ಬಿಟ್ಟವು, ಆಚೆ ಬಂದು ಕೂತವು. ತಿರುಗಿ ಬಂದು ಇನ್ನೊಂದು ಸಲ. ಮೂರನೆಯ ಸಲ ಮುಂದಿನ ಗಾಲಿ ಗಟ್ಟಿ ನೆಲಕ್ಕೆ ಬಡಿದು ಹ್ಯಾಂಡಲ್ಲು ತಿರುಚಿಕೊಂಡಿತು. ಪ್ಲೇಟು ಹಾಕಿದ ಭುಜದ ಮೇಲೆಯೇ ಬಿದ್ದೆ. ಕಣ್ಣಿಗೆ ಕತ್ತಲೆ ಬಂತು. ಅಯ್ಯೋ ಅಂದರೆ ಸೋತೆ ಅಂದುಕೊಂಡು ಹಲ್ಲು ಕಚ್ಚಿ ಎದ್ದು ಕೂತೆ.

ಜವರಣ್ಣ ಓಡಿ ಬಂದರು. "ಏಟಾಯ್ತಾ ತಾಯಿ?" ಅಂದರು. ಇಲ್ಲ ಅಂದೆ, ಸುಳ್ಳು. ಆಮೇಲೆ ಅವರು ನನ್ನ ಕಡೆ ನೋಡಲೇ ಇಲ್ಲ. ಕುಕ್ಕರುಗಾಲಲ್ಲಿ ಕೂತು ಗಾಲಿ ಬಿಟ್ಟ ಗುರುತು, ಗಾಲಿ ಬಿದ್ದ ಗುರುತು ಎರಡರ ನಡುವೆ ಗೇಣು ಹಾಕಿ ಅಳೆದರು. ಬದುವಿನ ಬೆನ್ನನ್ನು ಅಂಗೈಯಿಂದ ಸವರಿದರು.

"ಇಲ್ಲಿಂದ ಎದ್ದು ಇಲ್ಲಿ ಬಿತ್ತು. ಬಿದ್ ತಾವ ನೆಲ ಎದುರ್ಗೆ ಬಂದು ಒಡೀತು. ಇಲ್ಲೊಂದು ನೀಳವಾಗಿ ಇಳಿಜಾರು ಇದ್ದಿದ್ರೆ ಗಾಡಿ ಅಂಗೇ ಜಾರ್ಕಂಡು ಓಗಿರೋದು, ಅಲ್ವಾ?"

ಮೂರು ವರ್ಷ ಓಡಿಸಿದ ನನಗೂ, ಎರಡು ದಿನ ಗುಡ್ಡೆ ಹಾಕಿದ ಜೆಸಿಬಿಯವನಿಗೂ ಅದು ಹೊಳೆದಿರಲಿಲ್ಲ. ನಾವು ಏಳಿಸಿದ್ದ ಗುಡ್ಡೆಗಳು ಎರಡೂ ಕಡೆ ಕಡಿದಾಗಿದ್ದವು. ಅವುಗಳ ಮೇಲೆ ಓಡಿಸಿದ್ದರೆ ಹನ್ನೊಂದರಲ್ಲಿ ಯಾವುದೋ ಒಂದು ನನ್ನನ್ನು ಆಸ್ಪತ್ರೆಗೆ ಕಳಿಸುತ್ತಿತ್ತು.

"ಓ, ಅಂಗಾ ವಿಸ್ಯ! ನೀರು ನಿಲ್ಲೋ ನೆಲ ಅಲ್ಲ ನಿಂಗ್ ಬೇಕಿರೋದು" ಅಂದರು ಜವರಣ್ಣ, ಎದ್ದು ಪಂಚೆ ಕೊಡವಿಕೊಳ್ಳುತ್ತಾ. ಆವತ್ತೇ ಮಧ್ಯಾಹ್ನ ಟ್ರ್ಯಾಕ್ಟರು ತಂದರು.

ಮಣ್ಣು ಹೇಗೂ ಸಡಿಲವಾಗಿತ್ತು, ಬಗೆಯುವ ಕೆಲಸ ಇರಲಿಲ್ಲ. ಏಪ್ರಿಲ್ ಪೂರ್ತಿ, ಬೇರೆಯವರ ಹೊಲ ಮುಗಿಸಿ ಬಂದು, ದಿನಕ್ಕೆ ಎರಡು ಮೂರು ಗಂಟೆ ದುಡಿದರು. ಒಂದು ಗೇಣು ಮಣ್ಣು ತಳ್ಳುವುದು, ನೀರು ಚಿಮುಕಿಸುವುದು, ಟ್ರ್ಯಾಕ್ಟರಿನ ದೊಡ್ಡ ಗಾಲಿಯಿಂದ ತುಳಿಸುವುದು, ಮತ್ತೆ ಒಂದು ಗೇಣು. ಹತ್ತುವ ಕಡೆ ಗಿಡ್ಡ, ಇಳಿಯುವ ಕಡೆ ನೀಳ. ನಾನು ಲ್ಯಾಬಿನ ಲೆವೆಲ್ ಉಪಕರಣ ತಂದು ಇಳಿಜಾರು ಅಳೆದು ತೋರಿಸಿದರೆ, ಅವರು ಒಂದು ಕಣ್ಣು ಮುಚ್ಚಿ ನೋಡಿ, "ನಿನ್ ಮಿಸನ್ನು ಸರ್ಯಾಗೇ ಏಳ್ತದೆ" ಎಂದು ಅದಕ್ಕೆ ಪಾಸು ಕೊಡುತ್ತಿದ್ದರು. ನಾನು ಕೇಳದ ಒಂದು ಕೆಲಸವನ್ನೂ ಮಾಡಿದರು. ಪ್ರತಿ ತಗ್ಗಿಗೂ ಒಂದು ಸಣ್ಣ ಬಾಯಿ ಬಿಟ್ಟು, ಅವನ್ನೆಲ್ಲ ಬೇಲಿಯ ಪಕ್ಕದ ಒಂದು ಚರಂಡಿಗೆ ಸೇರಿಸಿದರು. ಇದ್ಯಾಕೆ ಅಂದೆ. "ನೀರು ಎಲ್ಲಿ ನಿಲ್ತದೆ ಅಂತ ತಿಳ್ದೋನ್ಗೆ ಎಲ್ಲಿ ನಿಲ್ಬಾರ್ದು ಅಂತಾನೂ ತಿಳೀತದೆ" ಅಂದರು.

ಮುಂಗಾರಿನ ಭರಣಿ ಮಳೆ ಮೇ ತಿಂಗಳ ಮೊದಲ ವಾರ ಒಂದು ಮಧ್ಯಾಹ್ನ ಬಂತು. ಗಾಳಿ, ಆಲಿಕಲ್ಲು, ಆಮೇಲೆ ಎರಡು ಗಂಟೆ ಬಿಡದೆ ಹೊಯ್ದ ಮಳೆ. ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆ. ಏನೂ ಕಾಣಿಸುತ್ತಿರಲಿಲ್ಲ, ಬಿಳಿ ನೀರು ಅಷ್ಟೆ. ಅಷ್ಟು ಹೆದರಿಕೆ ನನಗೆ ವಿಚ್ಛೇದನದ ದಿನವೂ ಆಗಿರಲಿಲ್ಲ.

ಮಾರನೆಯ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಚೆನ್ನಾಗಿ ಬಂದಿತ್ತು. ಜವರಣ್ಣ ಬಂದಿದ್ದರು. ಅಣ್ಣ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಹಿತ್ತಲಿಗಿಳಿದ. ತಗ್ಗುಗಳಲ್ಲಿ ನೀರು ಇರಲಿಲ್ಲ, ಎಲ್ಲ ಚರಂಡಿಗೆ ಇಳಿದಿತ್ತು. ಹನ್ನೊಂದು ದಿಬ್ಬಗಳೂ ನಿಂತಿದ್ದವು. ಅಣ್ಣ ಒಂದೊಂದನ್ನೂ ಹಿಮ್ಮಡಿಯಿಂದ ಒತ್ತಿ ನೋಡುತ್ತಾ ಹೋದ. ಏಳನೆಯದರ ಅಂಚು ಸ್ವಲ್ಪ ಕೊರೆದಿದ್ದು ಕಂಡು, "ಇಲ್ನೋಡು, ಕೊಚ್ಚೋಗೈತೆ" ಅಂದ.

"ಒಂದ್ ಬಾಂಡ್ಲಿ ಮಣ್ಣು ರುದ್ರೇಸಪ್ಪೋರೆ. ನಿಮ್ ತೆಂಗಿನ್ ಪಾತಿ ಇದ್ಕಿಂತ ಜಾಸ್ತಿ ಕೊಚ್ಚೋಗಿರ್ತದೆ, ನೋಡೋಗಿ" ಅಂದರು ಜವರಣ್ಣ.

ನಾನು ಬೈಕು ತೆಗೆದೆ. ಮಣ್ಣು ಗಾಲಿಗೆ ಅಂಟುತ್ತಿತ್ತು, ಹೂತುಕೊಳ್ಳುತ್ತಿರಲಿಲ್ಲ. ಮೊದಲ ಸುತ್ತು ಮೆಲ್ಲಗೆ. ಎರಡನೆಯ ಸುತ್ತಿನಲ್ಲಿ ದಿಬ್ಬಗಳ ಮೇಲಿಂದ ನೆಲ ಬಿಟ್ಟೆ, ನೀಳ ಇಳಿಜಾರುಗಳು ನನ್ನನ್ನು ಮೆತ್ತಗೆ ಇಳಿಸಿಕೊಂಡವು. ನಾಲ್ಕು ಸುತ್ತು ಹೊಡೆದೆ. ಹೆಲ್ಮೆಟ್ಟಿನ ಒಳಗೆ ನಾನು ಕೂಗುತ್ತಿದ್ದೆ. ಏನೆಂದು ಕೂಗುತ್ತಿದ್ದೆನೋ ನೆನಪಿಲ್ಲ, ಒಳ್ಳೆಯ ಮಾತಂತೂ ಇರಲಾರದು.

ಇಳಿದು ಬಂದಾಗ ಅಣ್ಣನ ಮುಖದಲ್ಲಿ ಆ ನಗು ಇರಲಿಲ್ಲ. ಬದಲಿಗೆ ದನಿಯನ್ನು ಮೆತ್ತಗೆ ಮಾಡಿಕೊಂಡಿದ್ದ.

"ಆಯ್ತು ಮಂಗಳಾ. ಹಿತ್ಲು ನಿಂದೇ ಅನ್ಕೊ, ಯಾರ್ ಬ್ಯಾಡ ಅಂತಾರೆ? ಎಷ್ಟ್ ಬೇಕೋ ಓಡ್ಸ್ಕೊ. ಆದ್ರೆ ಪತ್ರಕ್ಕೊಂದು ಸೈನ್ ಹಾಕ್ಬುಡು. ಖಾತೆ ಒಂದೇ ಹೆಸ್ರಲ್ಲಿದ್ರೆ ನಾಳೆ ಓಡಾಟ ಕಮ್ಮಿ."

"ಅನ್ಕೊಳ್ಳೋದೆಲ್ಲ ಬೇಡ. ಬರ್ಕೊಡು" ಅಂದೆ.

ಅವನಿಗೆ ರೇಗಿತು. ಹಿತ್ತಲ ಜಗಲಿಯ ಮೇಲೆ ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ಪತ್ರವನ್ನೂ ಪೆನ್ನನ್ನೂ ಅವಳ ಮುಂದೆ ಹಿಡಿದ. "ನೀನಾರ ಹಾಕವ್ವ. ಇವ್ಳಿಗೊಂದ್ ಚೂರು ಬುದ್ಧಿ ಬರ್ಲಿ."

ಅವ್ವ ಪೆನ್ನು ತೆಗೆದುಕೊಳ್ಳಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನಾಲ್ಕು ತಿಂಗಳಲ್ಲಿ ಈ ವಿಷಯಕ್ಕೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು.

"ಅರಕಲಗೂಡಲ್ಲಿ ನಮ್ಮಪ್ಪನ ಮನೇಲಿ ನಾನೂ ಇಂಗೇ ಒಂದು ಸೈನ್ ಹಾಕಿದ್ದೆ. ಯಾವ್ ಹೊಲಕ್ ಹಾಕ್ದೆ ಅಂತ ಇವತ್ಗೂ ಗೊತ್ತಿಲ್ಲ. ಇಲ್ಲಿ ನಂದು ಯಾವ್ದು?"

"ಎಲ್ಲಾ ನಿಂದೇ ಕಣವ್ವ."

"ಎಲ್ಲಾ ಬ್ಯಾಡ. ನನ್ ಪಾಲು ಎಲ್ಲಿಂದ ಎಲ್ಲೀಗಂಟ ಬತ್ತದೆ, ಅದ್ ತೋರ್ಸು. ನಡಿ."

ಚಪ್ಪಲಿ ಮೆಟ್ಟಿಕೊಂಡು ಅವ್ವ ಜಗಲಿ ಇಳಿದೇಬಿಟ್ಟಳು. ತೋಟದ ದಾರಿ ಹಿಡಿದವಳ ಹಿಂದೆ ಅಣ್ಣ ಪತ್ರ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ.

"ಈ ಬಿಸ್ಲಲ್ಲಾ ಅವ್ವಾ?" ಅಂದ.

"ಬಿಸ್ಲಾದ್ರೇನು? ನಿನ್ ತಂಗಿ ಬ್ಯಾಸ್ಗೆಯೆಲ್ಲಾ ಬಿಸ್ಲಲ್ಲೇ ನಿಂತಿದ್ಲು" ಅಂದಳು ಅವ್ವ, ತಿರುಗಿ ನೋಡದೆ.